ಬೇಲಿ ಇಲ್ಲದ ಗೇಟು

ಗೇಟು ಗಂಗಾವತಿಯಿಂದ ಟ್ರ್ಯಾಕ್ಟರಿನ್ಯಾಗ ಬಂತು.
ಹಸಿರು ಬಣ್ಣ, ಎರಡು ಕಂಬ, ಒಂದು ಬೀಗ,
ಕೀಲಿಕೈ ಎರಡು: ಒಂದು ಆಫೀಸಿಗೆ, ಒಂದು ನನ್ನ ಉಡದಾರಕ್ಕ.
ಬೇಲಿ ಬರೋ ವರ್ಷ ಅಂದ್ರು.
ಆ ಬರೋ ವರ್ಷ ಬಂದು ಹೋಗಿ ಮೂರು ವರ್ಷ ಆತು.

ಹಿಂಗಾಗಿ ಮೋರ್ಯಾರ ಗುಡ್ಡದ ಬುಡಕ್ಕ
ಗೇಟು ಒಂದ ನಿಂತೈತಿ,
ಎಡಕ್ಕ ಬಯಲು, ಬಲಕ್ಕ ಬಯಲು.
ಮುಂಜಾನಿ ತಗೀತೀನಿ, ಹೊತ್ತು ಮುಳುಗಿದ್ರ ಕೀಲಿ ಹಾಕ್ತೀನಿ.
ದಿನಗೂಲಿ ಕೆಲಸ. ನಗೋರು ನಗಲಿ.

ಮೌಲಾಸಾಬನ ಆಡು ಗೇಟು ಮೂಸಿ
ಬದಿಯಿಂದ ಹಾದು ಹೋಗ್ತಾವ.
ಅವನಜ್ಜನ ಆಡಿಗೂ ಇದ ಹಾದಿ.
ಬಂಡೆ ಮ್ಯಾಲ ಗೊರಸು ಸವೆಸಿದ ಗೆರಿ ಐತಿ,
ಮಳಿ ಬಂದ ಮರುದಿನ ಬಂದ್ರ ಕಾಣ್ತೈತಿ, ನೀರು ನಿಂತು
ಬೆಳ್ಳಿ ಎಳಿಯಂಗ.

ಹುಲಿಗೆವ್ವ ಕಸಬರಿಗಿ ಹುಲ್ಲಿಗೆ ಬರ್ತಾಳ, ಸೀತಾಫಲದ ಸುಗ್ಗಿಗೆ ಬರ್ತಾಳ.
ತಲಿ ಮ್ಯಾಲ ಹೊರಿ, ಆದ್ರೂ ಗೇಟಿನಿಂದನ ಹಾಯ್ತಾಳ,
ಹಾದು, ತಿರುಗಿ, ಮೊಣಕೈಯಿಂದ ದೂಡಿ ಹಾಕ್ತಾಳ.
"ಸುತ್ತ ಬಯಲೈತಲ್ಲಬೇ, ಯಾಕ ತ್ರಾಸು?" ಅಂದೆ.
"ಬಾಗಿಲಂತ ಒಂದು ನಿಂತ ಮ್ಯಾಲ
ಅದರ ಮರ್ಯಾದಿ ಅದಕ್ಕ," ಅಂದು ಹೋದ್ಲು.

ಮ್ಯಾಲ ಮೋರ್ಯಾರ ಮನಿ.
ನಾಕು ಹಾಸುಗಲ್ಲು, ಮ್ಯಾಲೊಂದು ಮುಚ್ಚುಗಲ್ಲು,
ಮುಂದಿನ ಕಲ್ಲಿಗೆ ದುಂಡನ ಕಿಂಡಿ.
ಗೇಣು ಗೇಣು ಮಂದಿ ಇದ್ರಂತ, ಬೆಂಕಿ ಮಳಿಗೆ ಸತ್ರಂತ,
ನಮ್ಮಜ್ಜಿ ಹೇಳಿದ್ದು.
ಆಫೀಸಿನವರು ಬ್ಯಾರೆ ಹೇಳ್ತಾರ: ಇವು ಮನಿ ಅಲ್ಲ, ಸತ್ತವರ ಗೋರಿ.
ಸತ್ತವರಿಗೆ ಕಿಂಡಿ ಯಾಕಂತ ಕೇಳಿದೆ.
ಅವರಿಗೂ ಖಾತ್ರಿ ಇಲ್ಲ.

ಐತಾರ ಬೈಕು ಬರ್ತಾವ.
ಎಲ್ಲಾರೂ ಕೆಟ್ಟವರಲ್ಲ. ಒಬ್ಬಾಕಿ ಟೀಚರು
ಮಕ್ಕಳ ಚಪ್ಪಲಿ ಬಿಡಿಸಿ ಕರಕೊಂಡು ಹೋದ್ಲು, ಯಾರೂ ಹೇಳಿರಲಿಲ್ಲ.
ಇನ್ನೊಂದು ಗುಂಪು ಮುಚ್ಚುಗಲ್ಲಿನ ಮ್ಯಾಲ ಕುಣಿದು ವಿಡಿಯೋ ಮಾಡ್ತು;
ನಾ ಕೂಗಿದ್ದೂ ವಿಡಿಯೋದಾಗ ಐತಂತ.
ಒಂದಿನ ಕಿಂಡಿ ಪಕ್ಕ ಬಿಳಿ ಬಣ್ಣ:
ಒಬ್ಬಾಕಿ ಹೆಸರು, ಒಬ್ಬಾತನ ಹೆಸರು, ನಡುವ ಬಾಣ.

ತೆಂಗಿನ ನಾರು ಹಿಡಕೊಂಡು ಹೋದೆ.
ಫೋನಿನ್ಯಾಗ ಸಾಹೇಬ್ರು: "ತಿಕ್ಕಬ್ಯಾಡ ಮಾರಾಯ,
ಕಲ್ಲಿನ ಚರ್ಮ ಸುಲೀತೈತಿ. ತಿಳಿದವರು ಬರ್ತಾರ."
ತಿಳಿದವರೂ ಬೇಲಿ ಜೋಡಿನ ಬರ್ತಾರೋ ಏನೋ.
ದಿನಾ ಓದ್ತೀನಿ ಆ ಹೆಸರು.
ಮದಿವಿ ಆದ್ರೋ, ಇಲ್ಲೋ.

ಶ್ರಾವಣದಾಗ ಒಬ್ಬ ಹುಡುಗ ಬಂದ, ಒಬ್ಬನ, ನಡಕೊಂತ.
ಆ ಕಲ್ಲಿನ ಮುಂದ ಭಾಳ ಹೊತ್ತು ಕುಂತ.
ಕರವಸ್ತ್ರ ತೋಯಿಸಿ ಕೈ ಎತ್ತಿದ;
ನಾ ಬ್ಯಾಡ ಅಂದೆ, ಚರ್ಮದ ಮಾತು ಹೇಳಿದೆ.
"ಮತ್ತ ಏನ್ ಮಾಡ್ಲಿ ಕಾಕಾ?"
ನನಗೂ ಹೊಳೀಲಿಲ್ಲ. "ಹೋಗುವಾಗ ಗೇಟು ಹಾಕ್ಕೊಂಡು ಹೋಗು," ಅಂದೆ.
ಹೆಸರು ಕೇಳಲಿಲ್ಲ. ಗುಡ್ಡದ ಮ್ಯಾಲಿಂದ ನೋಡಿದೆ:
ಅಷ್ಟು ಬಯಲು ಬಿಟ್ಟು ಗೇಟಿಗೇ ಹೋದ,
ಹಾಕಿದ, ನಾಕು ಹೆಜ್ಜಿ ನಡೆದ,
ತಿರುಗಿ ಬಂದು ಕೊಂಡಿ ಅಲುಗಾಡಿಸಿ ನೋಡಿದ.

ನಿನ್ನೆ ಲಾರಿ ಬಂತು. ಸಿಮೆಂಟಿನ ಕಂಬ, ಮುಳ್ಳುತಂತಿ ಸುರುಳಿ.
ಮೌಲಾಸಾಬ ಬಂದು ಕಂಬ ಎಣಿಸಿದ, ಏನೂ ಅನ್ನಲಿಲ್ಲ,
ಬೀಡಿ ಹಚ್ಚಿಕೊಂಡು ಅಲ್ಲೆ ಕುಂತ.
ಕುಣಿ ತೋಡೋರು ನಾಳೆ ಬರ್ತಾರ.
ಗುರುತು ಹಾಕೋ ಕೆಲಸ ನನ್ನದು, ಸುಣ್ಣದ ಪುಡಿ ಕೊಟ್ಟಾರ.

ಸಂಜಿಮುಂದ ಗುಡ್ಡ ಹತ್ತಿ ಕಿಂಡಿಗೆ ಕೈ ಹಚ್ಚಿ ಅಳೆದೆ,
ಒಂದು ಮೊಳ, ಮ್ಯಾಲ ನಾಕು ಬಟ್ಟು.
ಕೆಳಗ ಬಂದು ಆಡು ಅಳೆದೆ, ಹೊಟ್ಟಿ ತುಂಬ ಮೇಯ್ದದ್ದು,
ಎಲ್ಲಕ್ಕಿಂತ ದಪ್ಪಂದು.
ಹಾಯ್ತೈತಿ.
ಸುಣ್ಣದ ಗೆರಿ ಗೊರಸಿನ ಹಾದಿ ತನಕ ಎಳೆದು
ಅಲ್ಲಿ ಅಷ್ಟು ಬಿಟ್ಟು
ಮತ್ತ ಸುರು ಮಾಡಿದೆ.